ಹರಳೆಣ್ಣೆ ಕುಡಿದ ಏಪ್ರನ್

ಎಲ್ಲ ಕೆಡಲು ಶುರುವಾದದ್ದು ಶನಿವಾರ ಬೆಳಿಗ್ಗೆ ಹತ್ತೂವರೆಗೆ. ಅಂದು ಆಯುಧಪೂಜೆ. ರಾಹುಕಾಲ ಮುಗಿಯುವವರೆಗೆ ಕಾದಿದ್ದು, ಮುಗಿದ ಕೂಡಲೇ ನಮ್ಮತ್ತೆ ಹರಳೆಣ್ಣೆ ಬಾಟಲಿಯ ಮುಚ್ಚಳ ತೆಗೆದರು. ರಾಹುಕಾಲದಲ್ಲೇ ತೆಗೆದಿದ್ದರೆ ಇದಕ್ಕಿಂತ ಕೆಟ್ಟದ್ದೇನೂ ಆಗುತ್ತಿರಲಿಲ್ಲ.

ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನ ಹಿಂದಿನ ಗಲ್ಲಿಯಲ್ಲಿ ನನ್ನ ಗಂಡನದು ಗ್ರಿಲ್, ಗೇಟು ಮಾಡುವ ಶೆಡ್. ತೊಂಬತ್ತರ ದಶಕದ ಕೊನೆ. ಸುತ್ತಲೂ ಮನೆಗಳು ಏಳುತ್ತಿದ್ದವು, ಎಲ್ಲರಿಗೂ ಕಿಟಕಿಗೆ ಕಂಬಿ ಬೇಕಿತ್ತು. ಬಿ.ಕಾಂ. ಓದಿದ್ದ ನಾನು ಅಲ್ಲೇ ಕೂತು ಬಿಲ್ ಬರೆಯುತ್ತಿದ್ದೆ. ಇವರು ವೆಲ್ಡಿಂಗ್ ಮಾಡುತ್ತಿದ್ದದ್ದು ಬನಿಯನ್ನಿನಲ್ಲಿ, ಫುಟ್‌ಪಾತಿನಲ್ಲಿ ಕೊಂಡ ಕೂಲಿಂಗ್ ಗ್ಲಾಸ್ ಹಾಕಿಕೊಂಡು. ಸಂಜೆಯಾದರೆ ಕಣ್ಣಲ್ಲಿ ಮರಳು ಬಿದ್ದ ಹಾಗೆ ಉರಿ. ಹಸಿ ಆಲೂಗಡ್ಡೆಯ ಬಿಲ್ಲೆ ಇಟ್ಟುಕೊಂಡು ಮಲಗುತ್ತಿದ್ದರು. ಆ ಬಿಲ್ಲೆಗಳನ್ನು ತೊಳೆದು ಪಲ್ಯಕ್ಕೆ ಹಾಕಬಹುದೇ ಎಂದು ಅತ್ತೆ ಕೇಳಿದ ದಿನವೇ ನಾನು ಗಂಡನನ್ನು ಶಿವಾಜಿನಗರಕ್ಕೆ ಎಳೆದುಕೊಂಡು ಹೋದೆ.

ಅಲ್ಲಿನ ವೆಲ್ಡಿಂಗ್ ಸಾಮಾನಿನ ಅಂಗಡಿಯ ಸಾಹೇಬರು ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್, ಅದಕ್ಕೆ ಹನ್ನೊಂದನೇ ನಂಬರಿನ ಕಪ್ಪು ಗಾಜು, ಮೊಣಕೈವರೆಗಿನ ಗ್ಲೌಸು, ಹತ್ತಿಯ ಒಳಪದರವಿದ್ದ ಚರ್ಮದ ಏಪ್ರನ್ ತೆಗೆದು ಹರಡಿದರು. ಇವರು ಏಪ್ರನ್ ಕಟ್ಟಿಕೊಂಡು ಕನ್ನಡಿ ಕೇಳಿದರು.

"ಹೊಟ್ಟೆ ದಪ್ಪ ಕಾಣ್ಸುತ್ತೆ ಕಣೇ."

"ಇರೋದೇ ದಪ್ಪ ರೀ."

"ಮೇಡಂ ಬರಾಬರ್ ಬೋಲ್‌ರೈಂ ಭಾಯ್," ಎಂದು ಸಾಹೇಬರು ನನ್ನ ಮಾತಿಗೆ ತಲೆಯಾಡಿಸಿದರು. "ಗಾಜು ಮಾತ್ರ ದಿನಾ ಒರೆಸ್ಬೇಕು, ನೋಡಿ."

ಪೂಜೆಗೆ ಇವನ್ನೆಲ್ಲ ಸಾಲಾಗಿ ಇಟ್ಟಾಗ ಅತ್ತೆ ಹೌಹಾರಿದರು. "ಚರ್ಮ ತಂದು ದೇವ್ರ ಮುಂದೆ ಇಡ್ತೀಯೇನೋ?"

"ಮೃದಂಗಕ್ಕೂ ಚರ್ಮಾನೇ ತಾನೇ ಅಮ್ಮ ಇರೋದು?"

ಅತ್ತೆ ಯೋಚಿಸಿ ಒಪ್ಪಿದರು. ಆದರೆ ಏಪ್ರನ್ ಹಪ್ಪಳದಂತೆ ಸೆಟೆದುಕೊಂಡಿತ್ತು. ಹೊಸ ಚಪ್ಪಲಿಯನ್ನು ಅವರ ತಂದೆ ಹರಳೆಣ್ಣೆ ಹಚ್ಚಿ ಮೆದು ಮಾಡುತ್ತಿದ್ದರಂತೆ. ಇಡೀ ಬಾಟಲಿ ಸುರಿದರು: ಚರ್ಮಕ್ಕೆ, ಒಳಬಟ್ಟೆಗೆ, ಹಿಂದೆ ಕಟ್ಟುವ ಲಾಡಿಗೂ. ಆಮೇಲೆ ಹೆಲ್ಮೆಟ್ಟಿಗೆ ಚೆಂಡುಹೂವಿನ ಹಾರ, ಕಪ್ಪು ಗಾಜಿನ ನಟ್ಟನಡುವೆ ಕಾಸಗಲ ಕುಂಕುಮ. "ಒರೆಸ್ಬಾರ್ದು, ತಾನಾಗೇ ಉದುರ್ಬೇಕು." ಬಾಗಿಲ ಎರಡೂ ಕಡೆ ಬೆಂಕಿ ಆರಿಸಲೆಂದು ಮರಳು ತುಂಬಿಟ್ಟಿದ್ದ ಕೆಂಪು ಬಕೆಟ್‌ಗಳಲ್ಲಿ ಬಾಳೆಕಂದು ನೆಟ್ಟರು. ಶೆಡ್ ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು.

ಸೋಮವಾರ ಕೆಲಸ ಶುರು. ಎರಡು ದಿನ ಎಣ್ಣೆ ಕುಡಿದ ಏಪ್ರನ್ನು ಕಟ್ಟಿಕೊಂಡು, ಹಾರ ಸಮೇತ ಹೆಲ್ಮೆಟ್ ಹಾಕಿಕೊಂಡು ಇವರು ನನ್ನ ಕಡೆ ತಿರುಗಿದರು.

"ಹೆಂಗಿದೀನಿ?"

"ಮೆರವಣಿಗೆಗೆ ಹೊರಟಂಗಿದೀರ."

ಕುಂಕುಮದ ಸುತ್ತಲಿನ ಸಂದಿಯಲ್ಲಷ್ಟೇ ಕಾಣುತ್ತಿದ್ದುದರಿಂದ ಗೇಟಿನ ಮೇಲೆ ತೀರಾ ಬಗ್ಗಿ ವೆಲ್ಡ್ ಮಾಡತೊಡಗಿದರು. ಕಿಡಿಗಳು ಏಪ್ರನ್ನಿನ ಮಡಿಕೆಯೊಳಗೆ ಬೀಳುತ್ತಿದ್ದವು. ಏನೋ ಸುಟ್ಟ ವಾಸನೆ.

"ಕರ್ಪೂರದ ವಾಸ್ನೆ ಇನ್ನೂ ಹೋಗಿಲ್ಲ ನೋಡು," ಎಂದರು ಹೆಲ್ಮೆಟ್ಟಿನೊಳಗಿಂದ. ಎದ್ದು ನಿಂತರು. ಕತ್ತಿನಲ್ಲಿ ಹಾರ, ಹಣೆಯಲ್ಲಿ ಕುಂಕುಮ, ಹೊಟ್ಟೆಯ ಮುಂದೆ ಸಣ್ಣಗೆ, ನೆಟ್ಟಗೆ ಉರಿಯುವ ಜ್ವಾಲೆ. ಬಾಡಿದ ಹೂ ತೆಗೆಯಲು ಬಂದಿದ್ದ ಅತ್ತೆ ಕೈ ಮುಗಿದರು. ನನ್ನ ಕೈಗಳೂ ಅರ್ಧ ಮೇಲೆ ಬಂದಿದ್ದವು. ಇವತ್ತಿಗೂ ಮಂಗಳಾರತಿ ತಟ್ಟೆ ಮುಂದೆ ಬಂದರೆ ನನ್ನ ಕೈ ಅಲ್ಲಿಗೇ ನಿಂತುಬಿಡುತ್ತದೆ.

"ಸುಡ್ತಿದೆ ಕಣೇ!"

ಮೇನ್ ಸ್ವಿಚ್ ಎಳೆದೆ. ಮರಳಿನ ಬಕೆಟ್ಟಿಗೆ ಓಡಿದೆ. ಬಾಳೆಕಂದು ಕಿತ್ತು ಬರಲಿಲ್ಲ. ಬಕೆಟ್ಟನ್ನು ಕಂದಿನ ಸಮೇತ ಎತ್ತಿ ಎಸೆದೆ. ಮರಳೆಲ್ಲ ಅತ್ತೆಯ ಮೇಲೆ, ಬಾಳೆಕಂದು ಗಂಡನ ಮೇಲೆ. ಇವರು ದೊಪ್ಪೆಂದು ಬಿದ್ದರು. ಬೆನ್ನ ಹಿಂದಿನ ಲಾಡಿಯ ಗಂಟು ಎಣ್ಣೆಗೆ ಜಾರುತ್ತಿತ್ತು, ಬಿಚ್ಚುತ್ತಿರಲಿಲ್ಲ. ಜ್ವಾಲೆ ಎದೆಯತ್ತ ಏರುತ್ತಿತ್ತು. ಮರಳು ಕೊಡವಿಕೊಂಡು ಬಂದ ಅತ್ತೆ ಬಗ್ಗಿ ಗಂಟಿಗೆ ಹಲ್ಲು ಹಾಕಿ ಕಡಿದು ಎಳೆದರು. ಏಪ್ರನ್ ಕಳಚಿತು. ನಾನು ಅದನ್ನು ಬೀದಿಗೆ ಎಸೆದೆ.

ಹೊಟ್ಟೆಯ ಮೇಲೆ ಅಂಗೈಯಗಲ ಸುಟ್ಟಿತ್ತು, ಅಷ್ಟೇ. ಡಾಕ್ಟರು ಮುಲಾಮು ಕೊಟ್ಟು ಕಳಿಸಿದರು. ಹೆಚ್ಚು ನರಳಿದವರು ಅತ್ತೆ. ಗಂಟು ಕಡಿಯುವಾಗ ಬಾಯಿಗೆ ಹೋದ ಹರಳೆಣ್ಣೆ ಮಾರನೆಯ ದಿನವಿಡೀ ತನ್ನ ಕೆಲಸ ತಾನು ಮಾಡಿತು.

ಗಾಯ ಮಾಗಿತು. ಇವರು ಮತ್ತೆ ಬನಿಯನ್, ಕೂಲಿಂಗ್ ಗ್ಲಾಸಿಗೆ ಇಳಿದರು. "ಬನಿಯನ್ ಯಾವತ್ತಾದ್ರೂ ಹತ್ಕೊಂಡಿತ್ತಾ? ಹತ್ಕೊಂಡಿದ್ದು ನಿನ್ನ ಸೇಫ್ಟಿನೇ." ನಾನು ಹೊಸ ಏಪ್ರನ್ ತಂದುಕೊಟ್ಟೆ, ಇವರು ಮುಟ್ಟಲಿಲ್ಲ. ಆಲೂಗಡ್ಡೆ ಬಿಲ್ಲೆ ವಾಪಸು ಬಂತು. ರಾತ್ರಿ ನನಗೆ ಕಣ್ಣು ಮುಚ್ಚಿದರೆ ಆ ನೆಟ್ಟಗಿನ ಜ್ವಾಲೆ. ಎದ್ದು ಇವರ ಹೊಟ್ಟೆ ಮುಟ್ಟಿ ನೋಡುತ್ತಿದ್ದೆ. "ಕಚಗುಳಿ ಆಗುತ್ತೆ, ಬಿಡೇ," ಎಂದು ಮಗ್ಗುಲಾಗುತ್ತಿದ್ದರು.

ಮರುವರ್ಷದ ಪೂಜೆಗೆ ಅತ್ತೆ ಕುಂಕುಮದ ಬಟ್ಟಲು ಹಿಡಿದು ಬಂದರು. ಅವರು ಗಾಜನ್ನು ಸೆರಗಿನಿಂದ ಒರೆಸಿದರು, ಕುಂಕುಮವನ್ನು ಹೆಲ್ಮೆಟ್ಟಿನ ಅಂಚಿಗೆ ಮಾತ್ರ ಇಟ್ಟರು. ಏಪ್ರನ್ನಿನ ಮೇಲೆ ಒಂದು ಹೂ ಇಟ್ಟು ತೆಗೆದರು. ಎಣ್ಣೆಯ ಮಾತೇ ಇಲ್ಲ.

ಕೆಲಸ ಶುರುವಾಗುವ ಬೆಳಿಗ್ಗೆ ನಾವಿಬ್ಬರೂ ಶೆಡ್ಡಿಗೆ ಹೋದರೆ ಅತ್ತೆ ಸೀರೆಯ ಮೇಲೆ ಏಪ್ರನ್ ಕಟ್ಟಿ, ಗ್ಲೌಸು, ಹೆಲ್ಮೆಟ್ ಹಾಕಿಕೊಂಡು ಸ್ಟೂಲಿನ ಮೇಲೆ ಕೂತಿದ್ದಾರೆ.

"ಅಮ್ಮ, ಏನಿದು?"

"ನೀನು ಬನಿಯನ್ನಲ್ಲಿ ಮಾಡು. ನಾನು ಇದನ್ನ ಹಾಕ್ಕೊಂಡು ನೋಡ್ತೀನಿ. ಈ ಮನೇಲಿ ಒಬ್ರಾದ್ರೂ ಹಾಕ್ಕೋಬೇಕಲ್ಲ."

ಗೇಟಿನ ವಿಚಾರ ಕೇಳಲು ಯಾರೋ ಗಂಡ ಹೆಂಡತಿ ಬಂದರು. ಅತ್ತೆ ಎದ್ದು ಕಪ್ಪು ಗಾಜಿನೊಳಗಿಂದ "ಬನ್ನಿ, ಕೂತ್ಕೊಳ್ಳಿ" ಎಂದು ಕರೆದದ್ದು ಕಬ್ಬಿಣದ ಪೈಪುಗಳ ರಾಶಿಯನ್ನು. ಬಂದವರು ಹಿಂದಕ್ಕೆ ಸರಿದರು.

"ಸಾಕು, ತೆಗಿಯಮ್ಮ! ಹಾಕ್ಕೋತೀನಿ!"

ಅತ್ತೆ ಏಪ್ರನ್ ಬಿಚ್ಚಿ ಮಗನಿಗೆ ತಾವೇ ಕಟ್ಟಿದರು. ಒಮ್ಮೆ ಎಳೆದರೆ ಬಿಚ್ಚುವ ಗಂಟು ಹಾಕಿ, ತಾವೇ ಎಳೆದು ನೋಡಿ, ಮತ್ತೆ ಕಟ್ಟಿದರು. ಸಂಜೆಯವರೆಗೆ ನಾನು ಬಿಲ್ ಬರೆಯದೆ ಆ ಹೊಟ್ಟೆಯನ್ನೇ ನೋಡುತ್ತ ಕೂತೆ. ಕಿಡಿಗಳು ಚರ್ಮಕ್ಕೆ ಬಡಿದು ಕಪ್ಪಾಗಿ ಕೆಳಗುರುಳಿದವು. ಆಲೂಗಡ್ಡೆ ಕೇಳದೆ ಇವರು ಮಲಗಿದರು.

ಮರುದಿನ ಹಾಲಿನವನು ಬೆಲ್ ಒತ್ತಿ ಒತ್ತಿ ಹೊರಟುಹೋಗಿದ್ದನಂತೆ. ನನಗೆ ಎಚ್ಚರವೇ ಆಗಿರಲಿಲ್ಲ.