ತೊಲೆಯ ಮೇಲಿನ ಧೂಳು

ನೂಲು ಹತ್ತಿಯದೋ ಪಾಲಿಯೆಸ್ಟರೋ ಎಂದು ತಿಳಿಯಲು ದೊಡ್ಡಬಳ್ಳಾಪುರದ ನಮ್ಮ ಮಗ್ಗದ ಮನೆಯಲ್ಲಿ ಒಂದು ಎಳೆ ಕಿತ್ತು ಸುಟ್ಟು ನೋಡುತ್ತೇವೆ. ಹತ್ತಿಯ ಎಳೆ ಕಣ್ಣು ಮಿಟುಕಿಸುವುದರೊಳಗೆ ಬೂದಿ. ಅದೇ ನೂಲನ್ನು ಬಿಗಿಯಾಗಿ ಸುತ್ತಿದ ಉಂಡೆಗೆ ಕಡ್ಡಿ ಹಿಡಿದರೆ ಹೊರಮೈ ಕಪ್ಪಾಗುತ್ತದೆ. ಒಳಕ್ಕೆ ಗಾಳಿ ಹೋಗದು, ಬೆಂಕಿಯೂ ಬೇಗ ಹೋಗದು. ಇದು ನಮಗೆಲ್ಲ ಗೊತ್ತಿದ್ದದ್ದೇ. ಧೂಳೂ ಹತ್ತಿಯೇ ಎಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಆಯುಧಪೂಜೆಗೆ ಮಗ್ಗ ನಿಲ್ಲಿಸಿ, ತೊಲೆಗಳ ಮೇಲೆ ಕೂತ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸುವುದು ರೂಢಿ. ಆ ವರ್ಷ ಅಣ್ಣ ಗಾಳಿ ಊದುವ ಯಂತ್ರ ತಂದ. ಪಕ್ಕದ ಮನೆಯವರು ಒಣಹಾಕಿದ್ದ ಬಟ್ಟೆಗೆ ಧೂಳು ಹಾರಬಾರದೆಂದು ಕಿಟಕಿ, ಬಾಗಿಲು ಮುಚ್ಚಿ ಊದಿದೆವು. ಒಳಗೆಲ್ಲ ಬಿಳಿ ಮಂಜು. ಅಣ್ಣನ ಮೀಸೆ ಬೆಳ್ಳಗಾಗಿತ್ತು.

"ಈಗ ನಿನ್ ಸರಿಯಾದ ವಯಸ್ಸು ಕಾಣ್ತೈತೆ ಕಣಣ್ಣ," ಅಂದೆ.

"ನೀನೇನು ಮದುವೆ ಗಂಡಾ? ಕನ್ನಡಿ ನೋಡ್ಕೋ ಹೋಗ್ಲಾ."

ಅತ್ತಿಗೆ ಹೊರಗಿನಿಂದ ಕೂಗಿದರು. "ಏನ್ರೀ, ರಾಹುಕಾಲ ಬಂದ್ಬಿಡುತ್ತೆ. ಮುಗೀತಾ?"

"ಮುಗೀತು ಕಣೇ. ಕುಂಬಳಕಾಯಿ ಕೊಡು."

ಮುಗಿದಿರಲಿಲ್ಲ. ಹೆಂಚಿನ ನಡುವಿನ ಗಾಜಿನಿಂದ ಇಳಿದ ಬಿಸಿಲಿನಲ್ಲಿ ಧೂಳು ನಿಂತಿತ್ತು. ಬೀಳುತ್ತಲೂ ಇರಲಿಲ್ಲ, ಏಳುತ್ತಲೂ ಇರಲಿಲ್ಲ. ನಾನು ಬಾಗಿಲು ತೆರೆದು ಕುಂಬಳಕಾಯಿ ಇಸಿದುಕೊಂಡು ಅಣ್ಣನಿಗೆ ಕೊಟ್ಟೆ. ದೃಷ್ಟಿ ತೆಗೆಯಲು ಅದರ ಮೇಲೆ ಕರ್ಪೂರವಿಟ್ಟು ಅವನು ಕೊನೆಯ ಮಗ್ಗದ ಬಳಿ ಹೋದ. ನಾನು ಹೊಸ್ತಿಲಿಗೆ ಬಂದಿದ್ದೆ. ಕಡ್ಡಿ ಗೀರಿದ ಸದ್ದು ಕೇಳಿತು.

ಆಮೇಲೆ ಯಾರೋ ದೊಡ್ಡದಾಗಿ ಉಸಿರೆಳೆದುಕೊಂಡಂಥ ಸದ್ದು. ತೇಲುತ್ತಿದ್ದ ಧೂಳೆಲ್ಲ ಒಮ್ಮೆಗೇ ಹೊತ್ತಿ ಗಾಳಿಯೇ ಹಳದಿಯಾಯಿತು. ಬಿಸಿ ನನ್ನನ್ನು ಅಂಗಳಕ್ಕೆ ತಳ್ಳಿತು. ತಲೆಯೆತ್ತಿದಾಗ ಒಳಗೆ ಬೆಂಕಿಯೇ ಇರಲಿಲ್ಲ, ಹೊಗೆಯಿತ್ತು. ಅದರೊಳಗಿಂದ ಅಣ್ಣ ನಡೆದು ಬಂದ. ಹುಬ್ಬಿರಲಿಲ್ಲ. ಎರಡೂ ಕೈ ಮುಂದೆ ಚಾಚಿಕೊಂಡಿದ್ದ. ಬೆರಳ ತುದಿಯ ಚರ್ಮ ಜೋಲುತ್ತಿತ್ತು. ಅತ್ತಿಗೆ ಮುಟ್ಟಲು ಹೋಗಿ ನಿಂತುಬಿಟ್ಟರು.

ಮೂಲೆಯಲ್ಲಿ ಪೇರಿಸಿದ್ದ ನೂಲಿನ ಉಂಡೆಗಳು ಹೊರಗಷ್ಟೇ ಕಂದಿದ್ದವು. ಮೇಲಿನ ಸುತ್ತು ಬಿಚ್ಚಿದರೆ ಒಳಗೆ ಬಿಳಿ ನೂಲು ಹಾಗೇ ಇತ್ತು.

ಅಣ್ಣ ಬದುಕಿದ. ಬೆರಳಿಗೆ ಹೊಸ ಚರ್ಮ ಬಂತು, ಸ್ಪರ್ಶ ಬರಲಿಲ್ಲ. ಎಳೆ ಕಡಿದರೆ ಈಗ ಅತ್ತಿಗೆಯೇ ಗಂಟು ಹಾಕುತ್ತಾರೆ. ಪೂಜೆಯ ಕರ್ಪೂರ ಬೀದಿಯಲ್ಲೇ ಹಚ್ಚುತ್ತೇವೆ. ಒದ್ದೆ ಬಟ್ಟೆ ಹಿಡಿದು ವಾರವಾರವೂ ತೊಲೆ ಒರೆಸುತ್ತೇವೆ. ಮಗ್ಗ ಓಡುತ್ತಿದ್ದಂತೆ ಧೂಳು ಮತ್ತೆ ಕೂರುತ್ತದೆ. ಸಂಜೆ ಅಣ್ಣ ಸ್ಟೂಲು ಹತ್ತಿ ತೊಲೆಯ ಮೇಲೆ ಬೆರಳೆಳೆದು, ಇಳಿದು ನನ್ನ ಮುಖಕ್ಕೆ ಹಿಡಿಯುತ್ತಾನೆ.

"ನೋಡ್ಲಾ, ಏನಾದ್ರೂ ಅಂಟೈತಾ? ನಂಗೆ ಗೊತ್ತಾಗಲ್ಲ."