ಕಡಿದ ಮರ ಎದ್ದು ಹೋಗುವ ಕತ್ತಲು

ನೃತ್ಯ ತಂಡದಲ್ಲಿ ನನ್ನದು ಬೆಳಕಿನ ಕೆಲಸ. ಆದರೆ ನನಗೆ ಜಂಬವಿದ್ದದ್ದು ಕತ್ತಲಿನ ಬಗ್ಗೆ. ಒಂದೇ ಏಟಿಗೆ ಇಡೀ ರಂಗವನ್ನು ನುಂಗಿಹಾಕಿ, ಅಷ್ಟರಲ್ಲಿ ಮೇಲಿದ್ದವರನ್ನು ಇಳಿಸಿ ಬೇರೆಯವರನ್ನು ಹತ್ತಿಸಿ, ಏನೂ ಆಗಿಲ್ಲವೆಂಬಂತೆ ಮತ್ತೆ ದೀಪ ಏರಿಸುವುದು. ಅದಕ್ಕೆ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ. ಚಪ್ಪಾಳೆ ಬಂದರೆ ಕೆಲಸ ಕೆಟ್ಟಿತೆಂದೇ ಅರ್ಥ.

ಆ ವರ್ಷ ನಾವು ಆಡುತ್ತಿದ್ದದ್ದು ಒಂದು ಮರದ ಕಥೆ. ಮರವಾಗುತ್ತಿದ್ದವರು ತಂಡದ ಹಿರಿಯ ನರ್ತಕಿ. ಎಲ್ಲರೂ ಅಕ್ಕ ಎನ್ನುತ್ತಿದ್ದೆವು. ಮೊದಲ ಭಾಗದ ಕೊನೆಯಲ್ಲಿ ಇಬ್ಬರು ಹುಡುಗಿಯರು ಕೊಡಲಿ ಹಿಡಿದು ಬಂದು ಮರ ಕಡಿಯುತ್ತಾರೆ. ಅಕ್ಕ ನಿಂತಲ್ಲಿಂದ ಉರುಳಿ ಬೀಳುತ್ತಾರೆ. ನಾನು ಕತ್ತಲು ಮಾಡುತ್ತೇನೆ. ಬೆಳಕು ಬಂದಾಗ ಮರವಿಲ್ಲ, ಸಸಿಗಳು ಕುಣಿಯುತ್ತಿವೆ.

ನಡುವೆ ನಡೆಯುವುದು ನಾಲ್ವರಿಗೆ ಮಾತ್ರ ಗೊತ್ತಿತ್ತು. ಅಕ್ಕನ ಬಲಮಂಡಿ ಬೀಳಲು ಒಪ್ಪುತ್ತಿತ್ತು, ಏಳಲು ಒಪ್ಪುತ್ತಿರಲಿಲ್ಲ. ಕಡಿದ ಹುಡುಗಿಯರೇ ಕತ್ತಲಲ್ಲಿ ಕಂಕುಳಿಗೆ ಕೈ ಕೊಟ್ಟು ಎತ್ತಿ ಒಳಗೆ ಒಯ್ಯುತ್ತಿದ್ದರು. ನೃತ್ಯ ಕಟ್ಟಿದ ಮೇಷ್ಟ್ರು ಯಾವಾಗಲೂ ಮುಂದಿನ ಸಾಲಿನಲ್ಲಿ ಕೂತು ನೋಡುವವರು, ಅವರಿಗೆ ತಿಳಿದಿರಲಿಲ್ಲ. ಅಕ್ಕನಿಗೆ ವಯಸ್ಸಾಯಿತೆಂಬ ಅನುಮಾನ ಮಾತ್ರ ಇತ್ತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಮುಗಿಯಲಿ, ಆಮೇಲೆ ಮರ ಯಾರೆಂದು ನೋಡೋಣ ಎಂದಿದ್ದರು. ಬೇರೊಬ್ಬಳು ಆಗಲೇ ಕಲಿತು ತಯಾರಾಗಿದ್ದಳು. ಅಕ್ಕ ಪಕ್ಕದಲ್ಲಿ ಕೂತು ತಾಳ ಹಾಕಬಹುದಂತೆ.

"ಕುಂತ್ಕಂಡು ತಾಳ ಹೊಡೆಯಾಕೆ ನಾನೇನು ಭಜನಿ ಮಂಡ್ಳಿನಾ?" ಎಂದು ಅಕ್ಕ ನನ್ನ ಮುಂದೆ ಹೇಳಿದರು. ಮೇಷ್ಟ್ರ ಮುಂದೆ ಹೇಳಲಿಲ್ಲ.

ಚನ್ನಗಿರಿಯಲ್ಲಿ ಶಾಲೆಯ ಮೈದಾನ. ಮುಸ್ಸಂಜೆ ನಾನು ಮೊದಲ ದೀಪ ಏರಿಸಿದಾಗ ಮುಂದೆ ಕೂತಿದ್ದ ಹಿರಿಯರೆಲ್ಲ ಕಣ್ಣು ಮುಚ್ಚಿ ಕೈ ಮುಗಿದರು. ಒಂದು ಕ್ಷಣ ನನಗೇ ಮುಗಿದರೆಂದುಕೊಂಡೆ. ಆಮೇಲೆ ನೆನಪಾಯಿತು, ಸಂಜೆ ದೀಪ ಹತ್ತಿದರೆ ನಮ್ಮ ಮನೆಯಲ್ಲೂ ಹೀಗೇ. ಹೋದ ಕರೆಂಟು ಬಂದರೂ ನಮ್ಮಮ್ಮ ಬಲ್ಬಿಗೆ ಕೈ ಮುಗಿಯುತ್ತಾರೆ.

ಮರ ಬಿತ್ತು. ಕತ್ತಲು ಮಾಡಿದೆ. ಶಾಮಿಯಾನದ ಹಿಂದಿನಿಂದ ಗುಡುಗಿನಂಥ ಸದ್ದು. ಬಸವಾಪಟ್ಟಣದಿಂದ ಜನರೇಟರ್ ತಂದಿದ್ದವನಿಗೆ ಸಂಘಟಕರು ಒಂದೇ ಮಾತು ಹೇಳಿದ್ದರು: ಕರೆಂಟ್ ಹೋದರೆ ತಡ ಮಾಡಬೇಡ. ಅವನು ಮಾಡಲಿಲ್ಲ. ಪುಣ್ಯಕ್ಕೆ ಅವನ ಟ್ಯೂಬ್‌ಲೈಟುಗಳು ಜನರ ತಲೆಯ ಮೇಲಿದ್ದವು, ರಂಗದ ಮೇಲಿರಲಿಲ್ಲ. ಅಕ್ಕ ಪಾರಾದರು.

"ಎಷ್ಟು ಬೇಗ ಹಾಕಿದೆ ನೋಡಿದ್ರಾ? ಜನಕ್ಕೆ ಕರೆಂಟ್ ಹೋಗಿದ್ದೇ ಗೊತ್ತಾಗ್ಲಿಲ್ಲ" ಎಂದು ಅವನು ನನ್ನ ಹತ್ತಿರ ಬಂದು ಹೇಳಿದ. ನಾನು ಅವನಿಗೆ ಚಹಾ ಕೊಡಿಸಿದೆ. ಕೊಡಿಸಿದೆನೇ? ಬರೆಯುವಾಗ ಕೊಡಿಸಿದಂತೆ ಕಾಣುತ್ತಿದೆ. ಬೈದಿದ್ದರೂ ಬೈದಿರಬಹುದು.

ಹೊನ್ನಾಳಿಯಲ್ಲಿ ಜನರೇಟರಿನವನನ್ನು ಮೊದಲೇ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡೆ. ಜನರನ್ನೆಲ್ಲ ಹಾಗೆ ಕೂರಿಸಿಕೊಳ್ಳಲು ಆಗುವುದಿಲ್ಲ. ಕತ್ತಲಾದದ್ದೇ ತಡ, "ಹೋತು, ಕರೆಂಟ್ ಹೋತು" ಎಂದು ಯಾರೋ ಅಂದರು. ಪಾಪ ಕಲಾವಿದರು ಕತ್ತಲಲ್ಲಿ ಎಡವಿ ಬೀಳಬಾರದಲ್ಲ. ಮೈದಾನದ ಮೊಬೈಲುಗಳೆಲ್ಲ ಎದ್ದು ರಂಗದತ್ತ ಟಾರ್ಚು ಹಿಡಿದವು. ನನ್ನ ದೀಪಗಳಿಗೂ ಅಷ್ಟು ಬೆಳಕಿರಲಿಲ್ಲ. ಅದರ ನಟ್ಟನಡುವೆ ಕಡಿದ ಮರ ಕೊಡಲಿಯವರ ಹೆಗಲಿಗೆ ಜೋತುಬಿದ್ದು ಕುಂಟುತ್ತಿತ್ತು.

"ಎಲ್ಲಿಗ್ ಒಯ್ತಾರೋ ಅದನ್ನ?" ಹಿಂದಿನಿಂದ ಒಂದು ದನಿ.

"ಇನ್ನೆಲ್ಲಿಗೆ, ಸಾಮಿಲ್‌ಗೆ."

ಮೈದಾನವೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ. ಟೆಂಪೋ ಹತ್ತುವ ಮುಂಚೆ ಅಕ್ಕನಿಗೆ, "ಜಗಳೂರು ಕೊನೇದು. ಅಲ್ಲೂ ಹಿಂಗೆ ಹಿಡ್ದು ಎತ್ತಬೇಕಾದ್ರೆ ಮರ ಬೇರೆಯವರು ಮಾಡ್ಲಿ" ಎಂದರು. ಅಕ್ಕ ಗೆಜ್ಜೆ ಬಿಚ್ಚುತ್ತಲೇ ಇದ್ದರು. ಮೇಷ್ಟ್ರು ದೂರ ಹೋದ ಮೇಲೆ ನನಗೆ, "ನಿನ್ನ ಕತ್ಲಿಗೆ ತೂತು ಬಿದ್ದೈತೆ ತಮ್ಮಾ. ಹೊಲಿ" ಎಂದರು.

ಹೊಲಿಗೆಯೆಂದು ನಾನು ನ್ಯಾಮತಿಯಲ್ಲಿ ಸಂಘಟಕರ ಕೈಗೆ ಮೈಕು ಕೊಟ್ಟೆ. ಅವರು ಶುರುವಿಗೇ ಕಟ್ಟುನಿಟ್ಟಾಗಿ ಹೇಳಿದರು: "ನಡುವೆ ಕತ್ತಲಾಗತೈತೆ. ಅದು ಕರೆಂಟ್ ಹೋಗಿದ್ದಲ್ಲ, ಕಲೆ. ಯಾರೂ ಟಾರ್ಚ್ ಹಾಕಬಾರದು."

ಕೊಡಲಿಯವರು ಇನ್ನೂ ಪರದೆಯ ಹಿಂದೆಯೇ ಇದ್ದಾಗ ನಿಜವಾಗಿ ಕರೆಂಟ್ ಹೋಯಿತು. ಅಂದು ಜನರೇಟರ್ ಇರಲಿಲ್ಲ. ಹಾಡು ನಿಂತಿತು. ಇಡೀ ನ್ಯಾಮತಿ ಕತ್ತಲಲ್ಲಿ ಕಲೆಯನ್ನು ನೋಡುತ್ತ ಕೂತಿತು. ನಾನು ತಂತಿಗಳ ನಡುವೆ ತಡಕಾಡುತ್ತ, "ಯಾರಾದ್ರೂ ಟಾರ್ಚ್ ಹಾಕ್ರಿ" ಎಂದು ಕೂಗಿದೆ.

"ಹಾಕಬಾರದು ಅಂದಾರ್ರೀ" ಎಂದು ಕತ್ತಲಿನಿಂದ ಒಬ್ಬರು ತಿದ್ದಿದರು.

"ಭಾಳ ಹೊತ್ತಾತಲ್ಲ" ಎಂದರು ಇನ್ನೊಬ್ಬರು.

"ಸುಮ್ಕಿರಪ್ಪ. ಆಳವಾಗೈತೆ."

ಕರೆಂಟ್ ಬರಲೇ ಇಲ್ಲ. ಅಂದು ಮರ ಬೀಳಲಿಲ್ಲ, ಮಂಡಿಯ ಪರೀಕ್ಷೆ ಜಗಳೂರಿಗೆ ಉಳಿಯಿತು.

ಬಿಳಿಚೋಡು ದಾಟಿ ಜಗಳೂರಿಗೆ ಹೋಗುವಾಗ ಎದುರಿನಿಂದ ಒಂದು ಲಾರಿ ದೊಡ್ಡ ಲೈಟು ಹಾಕಿಕೊಂಡೇ ಬಂತು. ನಮ್ಮ ಡ್ರೈವರ್ ಕಣ್ಣು ಕಿರಿದು ಮಾಡಿ, "ಬೆಳಕು ಹಾಕಿ ಕುರುಡು ಮಾಡ್ತಾನೆ ನೋಡ್ರಿ ಇವನು" ಎಂದ. ಉಪಾಯ ಹೊಳೆದದ್ದು ಅಲ್ಲೇ ಎಂದು ನಾನು ಬಂದಬಂದವರಿಗೆಲ್ಲ ಹೇಳಿದ್ದೇನೆ. ಲಾರಿ ನಿಜ. ಉಪಾಯ ಮಾತ್ರ ಆಮೇಲೆ ಊಟ ಮಾಡುವಾಗ ಹೊಳೆದಿರಬೇಕು. ಕಥೆ ಹೇಳುತ್ತ ಹೇಳುತ್ತ ಎರಡೂ ಒಂದೇ ರಸ್ತೆಗೆ ಬಂದುಬಿಟ್ಟಿವೆ.

ಉಪಾಯ ಇಷ್ಟೇ. ಜಗಳೂರಿನಲ್ಲಿ ಕತ್ತಲು ಬೇಡ. ಎರಡು ದೊಡ್ಡ ದೀಪಗಳನ್ನು ರಂಗದ ಅಂಚಿನಲ್ಲಿಟ್ಟು ಜನರ ಮುಖಕ್ಕೆ ತಿರುಗಿಸಿದೆ. ಕಣ್ಣಿಗೆ ತೀರಾ ಚುಚ್ಚದಿರಲೆಂದು ಹಳದಿ ಹಾಳೆ ಕಟ್ಟಿದೆ. ಮರ ಬಿದ್ದ ಕೂಡಲೇ ಇವು ಹತ್ತುತ್ತವೆ, ಹಿಂದಿನವು ಆರುತ್ತವೆ. ಜನರಿಗೆ ಹಳದಿ ಬಿಟ್ಟು ಬೇರೇನೂ ಕಾಣುವುದಿಲ್ಲ. ಅಕ್ಕನಿಗೂ ಹುಡುಗಿಯರಿಗೂ ಎಲ್ಲ ವಿವರಿಸಿದೆ.

"ಮೇಷ್ಟ್ರಿಗೂ ಕಾಣಲ್ಲ ಹೌದಲ್ಲ?" ಎಂದು ಅಕ್ಕ ಎರಡು ಸಲ ಕೇಳಿದರು.

ಮರ ಬಿತ್ತು. ದೀಪ ಹತ್ತಿತು. ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದವರು ಪೊಟ್ಟಣ ತೊಡೆಯ ಮೇಲಿಟ್ಟು ಕೈ ಮುಗಿದರು. ಮುಂದಿನ ಸಾಲಿನಲ್ಲಿ ಮೇಷ್ಟ್ರೂ ಕಣ್ಣು ಮುಚ್ಚಿ ಕೈ ಜೋಡಿಸಿದ್ದರು. ಅವರೂ ಇದೇ ಸೀಮೆಯವರಲ್ಲವೇ. ಗೆದ್ದೆ ಎಂದುಕೊಂಡು ರಂಗದತ್ತ ತಿರುಗಿದೆ.

ಹುಡುಗಿಯರು ಕೊಡಲಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಕೈ ಮುಗಿದು ನಿಂತಿದ್ದರು. ಅವರ ಕಾಲ ಬುಡದಲ್ಲಿ, ಮಲಗಿದಲ್ಲೇ, ಮರವೂ ಕೈ ಮುಗಿದಿತ್ತು.

ಹಾಡು ಕಾಯಲಿಲ್ಲ. ಸಸಿಗಳು ನುಗ್ಗಿದವು. ನಾನು ರಂಗಕ್ಕೆ ಬೆಳಕು ಕೊಡಲೇಬೇಕಾಯಿತು. ಕೊಡಲಿಯವರು ಹೆದರಿ ಒಳಗೆ ಓಡಿದರು, ಎತ್ತುವವರೇ ಇಲ್ಲ. ಅಕ್ಕ ಒಂದು ಕ್ಷಣ ಹಾಗೇ ಇದ್ದು, ಒಂದು ಬೆರಳು ಎತ್ತಿದರು. ಆಮೇಲೆ ಅಂಗೈ, ತೋಳು. ಹತ್ತಿರ ಬಂದ ಸಸಿಯೊಂದರ ಹೆಗಲು ಸಿಕ್ಕಿತು, ಅದನ್ನು ಹಿಡಿದು ಎದ್ದು ಕೂತರು. ಸಸಿ ಕುಣಿಯುವುದು ಬಿಟ್ಟು ನೆಟ್ಟಗೆ ನಿಂತಿತು. ಬಲಮಂಡಿ ಎಷ್ಟು ಹೊತ್ತು ಕೇಳಿತೋ ಅಷ್ಟೂ ಹೊತ್ತು, ಪೂರಾ ಬೆಳಕಿನಲ್ಲಿ, ಎಲ್ಲರೂ ನೋಡುತ್ತಿದ್ದಂತೆ ಅಕ್ಕ ಎದ್ದರು.

ಜಗಳೂರು ಉಸಿರು ಬಿಗಿಹಿಡಿದು ನೋಡಿತು ಎಂದು ಬರೆಯಲು ಕೈ ತುರಿಸುತ್ತಿದೆ. ಮುಂದಿನ ಸಾಲಿನ ಅಜ್ಜಿ ಮಾತ್ರ ಬಿಗಿಹಿಡಿಯಲಿಲ್ಲ. "ನಿಧಾನ ಏಳವ್ವ, ಏನ್ ಅವಸರ ಐತೆ" ಎಂದು ಕೂಗಿ ಹೇಳಿತು. ಕೊಡಲಿಯ ಹುಡುಗಿಯರು ತಾವು ಕೈಯೇ ಮುಗಿದಿಲ್ಲವೆಂದು ಇವತ್ತಿಗೂ ಸಾಧಿಸುತ್ತಾರೆ.

ಆಟ ಮುಗಿದ ಮೇಲೆ ಮೇಷ್ಟ್ರು ರಂಗ ಹತ್ತಿದರು.

"ಮರ ಯಾಕ್ರೀ ಹೋಗ್ಲಿಲ್ಲ?"

"ಬೇರು ಬಿಟ್ಟಿದ್ದೆ ಮೇಷ್ಟ್ರೆ" ಎಂದರು ಅಕ್ಕ.

ಮೇಷ್ಟ್ರು ಮರ ಬಿದ್ದಿದ್ದ ಜಾಗವನ್ನು ಕಾಲಲ್ಲಿ ತಟ್ಟಿ ನೋಡಿದರು. "ಕಡಿದ ಮ್ಯಾಲೆ ಚಿಗುರೋದು ನನಗೇ ಹೊಳೆದಿರ್ಲಿಲ್ಲ. ಇನ್ಮೇಲೆ ಹಿಂಗೇ ಇರ್ಲಿ. ನೀವೇ ಮಾಡ್ರಿ. ಇದಕ್ಕಿಂತ ಬೇಗ ಮಾತ್ರ ಏಳಬ್ಯಾಡ್ರಿ."

"ಆಸಿ ಪಟ್ರೂ ಆಗಲ್ಲ ಬಿಡ್ರಿ."

"ಹಂಗಾದ್ರೆ ಕತ್ತಲು?" ಎಂದು ನಾನು ಕೇಳಿದೆ.

"ಕತ್ತಲು ಯಾಕೆ?" ಎಂದರು ಮೇಷ್ಟ್ರು.

ಸಾಮಾನೆಲ್ಲ ಟೆಂಪೋಗೆ ತುಂಬಿದೆವು. ಮೇಷ್ಟ್ರು ಮುಂದಿನ ಸೀಟಿನಲ್ಲಿ ಕೂತು ಹಿಂದೆ ತಿರುಗಿ ನೋಡುತ್ತಿದ್ದರು. ಕೊನೆಗೆ ಉಳಿದವರು ಅಕ್ಕ. ಟೆಂಪೋದ ಮೆಟ್ಟಿಲು ಎತ್ತರ. ನಾನು ಮೊಬೈಲು ಟಾರ್ಚು ಹಿಡಿದೆ.

"ಆರ್ಸಲೇ ಅದನ್ನ" ಎಂದರು ಅಕ್ಕ, ಮೆಲ್ಲಗೆ.

ಆರಿಸಿದೆ. ಹುಡುಗಿಯರು ಎರಡೂ ಕಡೆಯಿಂದ ಕಂಕುಳಿಗೆ ಕೈ ಕೊಟ್ಟರು.