ಉಡಿಯೊಳಗಿನ ಪೊಟ್ಟಣ

ನಮ್ಮ ಕಡೆಯ ಹೆಣ್ಣುಮಕ್ಕಳು ನಾಚಿದರು, ಅದಕ್ಕೇ ಮಹಿಳಾ ಕಾಂಡೋಮ್ ನಡೆಯಲಿಲ್ಲ ಅಂತ ಸಭೆಗಳಲ್ಲಿ ಈಗಲೂ ಹೇಳುತ್ತಾರೆ. ಯಾರು ನಾಚಿದ್ದು? ಎಲ್ಲಿ? ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ಅಂತ ಬಸ್ಸು ಹತ್ತಿ ಇಳಿದು ಮಹಿಳಾ ಸಂಘಗಳಿಗೆ ಆ ಪೊಟ್ಟಣ ಒಯ್ದವಳು ನಾನು. ಎದುರಾಳಿಯ ಮೊದಲ ವಾಕ್ಯಕ್ಕೇ ಪುರಾವೆ ಕೇಳಬೇಕು ಅನ್ನುವುದನ್ನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತಿದ್ದೇನೆ. ಇಲ್ಲಿಯೂ ಕೇಳುತ್ತೇನೆ.

ಹತ್ತಿಮತ್ತೂರಿನಲ್ಲಿ ಅದನ್ನು ಬಿಚ್ಚಿ ತೋರಿಸಿದಾಗ ನಾಚಿಕೆ ಇದ್ದದ್ದು ಚಹಾ ಬರುವ ತನಕ. ಆಮೇಲೆ ಒಬ್ಬ ಮುದುಕಿ ಅದರ ಹೊರಗಿನ ರಿಂಗನ್ನು ಮುಂಗೈಗೆ ಏರಿಸಿಕೊಂಡು, "ಬಳಿಗಾರ ಅಳತಿ ತಪ್ಪ್ಯಾನ ನೋಡವಾ" ಅಂದಳು. "ಅದು ಕೈಗೆ ಅಲ್ಲಬೇ" ಅಂತ ಸೊಸೆ ಕಸಿದುಕೊಂಡಳು. ನಗು ಮುಗಿದ ಮೇಲೆ ಪ್ರಶ್ನೆಗಳು ಶುರುವಾದವು. ಮೊದಲೇ ಹಾಕಿಕೊಂಡು ಕೂಡಬಹುದೇ, ನೋಯುತ್ತದೆಯೇ, ಗಂಡ ಕುಡಿದು ಬಂದರೂ ನಡೆಯುತ್ತದೆಯೇ. ನಾಚಿದವರು ಇಷ್ಟೆಲ್ಲ ಕೇಳುತ್ತಾರೆಯೇ?

ನನಗಿದು ಸಮಾಜಸೇವೆಯೂ ಆಗಿರಲಿಲ್ಲ. ನಮ್ಮ ಅಕ್ಕನನ್ನು ಅಕ್ಕಿಆಲೂರಿನ ಹತ್ತಿರದ ಹಳ್ಳಿಗೆ ಕೊಟ್ಟಿದೆ. ಭಾವ ಶಿಗ್ಗಾಂವದಿಂದ ಗೋವಿನಜೋಳ ಹೇರಿಕೊಂಡು ಪುಣೆ ಕಡೆ ಲಾರಿ ಓಡಿಸುತ್ತಾನೆ. ಒಮ್ಮೆ ದಾರಿಯಿಂದ ರೋಗ ತಂದ, ಅಕ್ಕನಿಗೂ ಹತ್ತಿಸಿದ. ಅಕ್ಕ ಹುಬ್ಬಳ್ಳಿಗೆ ಹೋಗಿ ಸೂಜಿ ಮಾಡಿಸಿಕೊಂಡು ಬಂದಳು. ಅವನು ಮಾತ್ರ ದವಾಖಾನೆಯ ಮೆಟ್ಟಿಲು ಹತ್ತಲಿಲ್ಲ. ನಿರೋಧ್ ಮಾತೆತ್ತಿದರೆ, ನನ್ನ ಮೇಲೆ ಸಂಶಯವೇ ಅಂತ ಉಣ್ಣುವ ತಾಟು ಒಗೆಯುತ್ತಿದ್ದ. ಹೀಗೇ ಬಿಟ್ಟರೆ ಮತ್ತೆ ಹತ್ತುತ್ತದೆ ಅಂತ ಡಾಕ್ಟರು ಅಕ್ಕನಿಗೆ ಖಡಕ್ಕಾಗಿ ಹೇಳಿದ್ದರು. ಈ ಪೊಟ್ಟಣ ಸಿಕ್ಕ ಮೇಲೆ ಅಕ್ಕ, ದವಾಖಾನೆಯಲ್ಲಿ ಹಾಕಿದ್ದಾರೆ, ತೆಗೆಯುವಂತಿಲ್ಲ ಅಂದುಬಿಟ್ಟಳು. ಭಾವ ಗೊಣಗಿ ಸುಮ್ಮನಾದ.

ಆದರೆ ಗಂಡನ ಕಣ್ಣಿಗೆ ಬೀಳದಂತೆ ಮನೆಗೆ ಒಯ್ಯುವುದು ಹೇಗೆ? ಹೆಂಡತಿಯ ಚೀಲ ತಡಕುವ ಗಂಡಸೂ ಅವಳ ಉಡಿಗೆ ಕೈ ಹಾಕುವುದಿಲ್ಲ. ಇದನ್ನು ಹಿಡಿದು ಅಕ್ಕನ ಊರಿನ ಆಶಾ ಕಾರ್ಯಕರ್ತೆ ಶುಕ್ರವಾರ ಮನೆಗೆ ಬಂದವರಿಗೆ ಉಡಿ ತುಂಬತೊಡಗಿದಳು. ಸೆರಗಿನಲ್ಲಿ ಅಕ್ಕಿ, ಉತ್ತತ್ತಿ, ಕುಬಸದ ಬಟ್ಟೆ. ಆ ಬಟ್ಟೆಯ ಮಡಿಕೆಯೊಳಗೆ ಪೊಟ್ಟಣ. ಗಂಡಸರ ವಿಷಯದಲ್ಲಿ ಅವಳ ಅಂದಾಜು ಸರಿ ಇತ್ತು, ಅತ್ತೆಯರನ್ನು ಮರೆತಿದ್ದಳು. ತುಂಬಿದ ಉಡಿಯನ್ನು ಬಿಚ್ಚುವುದು ದೇವರ ಜಗಲಿಯ ಮುಂದೆ. ಒಂದು ಮನೆಯ ಅತ್ತೆ ಬಟ್ಟೆಯ ಬಣ್ಣ ನೋಡಲು ಮಡಿಕೆ ಬಿಡಿಸಿದಳು. ಪೊಟ್ಟಣ ದೀಪದ ಬುಡಕ್ಕೆ ಬಿತ್ತು. ಅಲ್ಲಿಂದ ಅದು ಪಂಚಾಯ್ತಿಗೆ ಹೋಯಿತು. ಜೀವಮಾನದಲ್ಲಿ ಯಾರಿಗೂ ಉಡಿ ತುಂಬದ ಗಂಡಸರು ಉಡಿಯ ಪಾವಿತ್ರ್ಯದ ಮೇಲೆ ಭಾಷಣ ಮಾಡಿದರು.

ಆರೋಗ್ಯ ಇಲಾಖೆಯವರು ಶಿಗ್ಗಾಂವದಲ್ಲಿ ಸಭೆ ಕರೆದರು. ಒಳಗೆ ಹೋಗುವ ಮುಂಚೆ ಅಕ್ಕನಿಗೆ ಫೋನ್ ಮಾಡಿದೆ. ಅವಳ ಹತ್ತಿರ ಒಂದೂ ಉಳಿದಿರಲಿಲ್ಲ. ಪುಣೆಯಿಂದ ಮರಳುತ್ತಿದ್ದ ಭಾವನ ಲಾರಿ ಬೆಳಗಾವಿ ದಾಟಿತ್ತು. ನಿನ್ನ ಸಂಗತಿ ಅಲ್ಲಿ ಹೇಳಲೇ ಅಂತ ಕೇಳಿದೆ.

"ಹೇಳು. ರೋಗ ತಂದಾಂವಗ ಇಲ್ಲದ ನಾಚಿಕಿ ನನಗ್ಯಾಕ?" ಅಂದಳು.

ಸಭೆಯ ಅಧಿಕಾರಿ ಕೆಟ್ಟ ಮನುಷ್ಯ ಅಲ್ಲ, ಗದ್ದಲಕ್ಕೆ ಹೆದರುವವರು. ಆಶಾ ಕಾರ್ಯಕರ್ತೆಯ ಹತ್ತಿರ ಉಳಿದ ಪೊಟ್ಟಣಗಳನ್ನೆಲ್ಲ ವಾಪಸ್ ತರಿಸಿಕೊಂಡಿದ್ದರು. ಇನ್ನು ಮುಂದೆ ಗಂಡ ಹೆಂಡತಿ ಕೂಡಿ ದವಾಖಾನೆಗೆ ಬಂದರೆ ಮಾತ್ರ ಕೊಡುವುದು ಅಂತ ಸಾರಿದರು. ಎಲ್ಲರೂ ತಲೆ ಆಡಿಸಿದರು. ನಾನು ಎದ್ದು ನಿಂತೆ.

"ಕೂಡವಾ ತಂಗಿ, ಇದು ಡಿಬೇಟ್ ಅಲ್ಲ" ಅಂದರು.

"ಡಿಬೇಟ್ ಆಗಿದ್ದರ ನೀವು ಆಗಲೇ ಸೋತಿದ್ರಿ ಸರ್."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾನು ನಗಲಿಲ್ಲ.

"ಗಂಡ ಒಲ್ಲೆ ಅಂದಾಗ ಹೆಣ್ಣಮಗಳಿಗೆ ಬೇಕಾಗೂದು ಇದು. ಆ ಗಂಡನ್ನ ಕರಕೊಂಡ ಬಾ ಅಂತೀರಿ. ನಮ್ಮ ಭಾವನ ಲಾರಿ ಸಂಜೀಕ ಊರು ಮುಟ್ಟತೈತ್ರಿ. ನೀವು ಹೇಳ್ರಿ ಸರ್, ಇವತ್ತ ನಮ್ಮ ಅಕ್ಕ ಏನ್ ಮಾಡಬೇಕು?"